ಸಭಾಸೇವಕನಿಗೂ ಊರಿನ ಮಣ್ಣು ಸಿಗಲಿ

ನಮ್ಮ ಕಡೆ ಅಂತ್ಯಸಂಸ್ಕಾರಕ್ಕೆ ಹೋಗುವುದನ್ನು ‘ಮಣ್ಣಿಗೆ ಹೋಗುವುದು’ ಎನ್ನುತ್ತಾರೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಜಗಳವಾಡಿ ಮಾತು ಬಿಟ್ಟವರೂ ಮಣ್ಣಿಗೆ ತಪ್ಪಿಸುವುದಿಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ಕ್ರೈಸ್ತರು ಬೆರಳೆಣಿಕೆಯ ಮನೆಗಳವರು. ಅಂಥ ಸಣ್ಣ ಸಭೆಗೆ ಆಧಾರವಾಗಿ ನಿಲ್ಲುವವನು ಸಭಾಸೇವಕ. ಕನ್ನಡ ಬೈಬಲಿನದೇ ಮಾತು ಇದು. ವಿಧವೆಯರಿಗೆ ಊಟ ಹಂಚುವುದರಲ್ಲಿ ಭೇದವಾಗುತ್ತಿದೆ ಎಂಬ ದೂರು ಬಂದಾಗ ಆ ಕೆಲಸಕ್ಕೆ ಏಳು ಮಂದಿಯನ್ನು ಆರಿಸಿದ ಕಥೆ ಅಪೊಸ್ತಲರ ಕೃತ್ಯಗಳಲ್ಲಿದೆ. ಸಭಾಸೇವೆಯ ಮೂಲವನ್ನು ಅಲ್ಲೇ ಗುರುತಿಸುತ್ತಾರೆ. ಅಂದರೆ ಈ ಹುದ್ದೆ ಹುಟ್ಟಿದ್ದು ಹಸಿದವರ ತಟ್ಟೆಯ ಮುಂದೆ. ಆ ಏಳು ಮಂದಿಯಲ್ಲಿ ಒಬ್ಬನಾದ ಸ್ತೆಫನ ಕಲ್ಲೇಟಿಗೆ ಸತ್ತ. ರೋಗಿಯ ಪಕ್ಕ ಕೂರುವುದು, ಸತ್ತವರ ಮನೆಯವರ ಜೊತೆ ನಿಲ್ಲುವುದು, ಕುಣಿ ತೋಡಿಸುವುದು ಇಂದಿಗೂ ಈ ಸೇವೆಯ ಭಾಗ. ಹೀಗೆ ಊರಿನ ಸಾವುಗಳನ್ನೆಲ್ಲ ಹೊತ್ತವನು ತಾನೇ ಸತ್ತಾಗ ಅವನಿಗೆ ಆ ಊರಿನಲ್ಲೇ ಮಣ್ಣು ಸಿಗಬೇಕು. ಅದು ಯಾರೋ ತೋರುವ ದಯೆಯಲ್ಲ, ಅವನ ಹಕ್ಕು.

ಇವರು ಹೊರಗಿನವರು ಎನ್ನುವವರು ಇತಿಹಾಸವನ್ನು ನೋಡಬೇಕು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ಗುಳೇದಗುಡ್ಡಕ್ಕೆ ಬಂತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಅದರ ಜರ್ಮನ್ ಪಾದ್ರಿಗಳನ್ನು ಹಿಡಿದು ಬಂಧನದಲ್ಲಿಟ್ಟಿತು. ಆಗ ಸಭೆಗಳು ಚದುರದಂತೆ ಹಿಡಿದವರಲ್ಲಿ ಇಲ್ಲಿಯ ಉಪದೇಶಿಗಳು, ಸಭೆಯ ಹಿರಿಯರು ಇದ್ದರು. ಜೋಳದ ರೊಟ್ಟಿ ತಿಂದು, ಎರೆಹೊಲದಲ್ಲಿ ದುಡಿದು, ಕನ್ನಡದಲ್ಲೇ ಪ್ರಾರ್ಥಿಸಿದವರನ್ನು ಪರಕೀಯರೆಂದು ಕರೆಯುವುದು ಸುಳ್ಳು.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2025ರ ಜನವರಿ 7ರಂದು ಛತ್ತೀಸಗಢದ ಬಸ್ತರಿನಲ್ಲಿ ಒಬ್ಬ ಹಳ್ಳಿಯ ಪಾಸ್ಟರ್ ತೀರಿಕೊಂಡರು. ಸ್ವಂತ ಊರಿನಲ್ಲಿ ಹೂಳಲು ಊರವರು ಅಡ್ಡಬಂದರು. ಮಗ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ ತೀರ್ಪು ಬರುವ ಹೊತ್ತಿಗೆ ಶವ ಶವಾಗಾರದಲ್ಲಿ ಇಪ್ಪತ್ತು ದಿನ ಬಿದ್ದಿತ್ತು. ಜನವರಿ 27ರಂದು ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಒಡೆಯಿತು. ಕುಟುಂಬದ ಸ್ವಂತ ಜಮೀನಿನಲ್ಲಿ ಹೂಳಲು ಬಿಡಬೇಕೆಂದವರು ನಮ್ಮ ರಾಜ್ಯದ ಬಿ.ವಿ. ನಾಗರತ್ನ, ಗೊತ್ತುಪಡಿಸಿದ ಜಾಗದಲ್ಲೇ ಆಗಬೇಕೆಂದವರು ಸತೀಶ್ ಚಂದ್ರ ಶರ್ಮಾ. ಕೊನೆಗೆ ಇಪ್ಪತ್ತು ಕಿಲೋಮೀಟರಿಗೂ ದೂರದ ಕರ್ಕಾಪಾಲಿನ ಕ್ರೈಸ್ತ ಸ್ಮಶಾನಕ್ಕೆ ಒಯ್ಯಲು ಆದೇಶವಾಯಿತು. ಸಾವು ಬಂದ ಮೇಲೆ ಜಾಗ ಹುಡುಕಿದರೆ ಇಂಥದ್ದೇ ಆಗುತ್ತದೆ.

ಎರಡೇ ಮನೆಗಳಿಗೆ ಬೇರೆ ಸ್ಮಶಾನವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಬೇರೆ ಬೇಡ, ಇರುವ ಊರ ಸ್ಮಶಾನದಲ್ಲೇ ಒಂದು ಪಾಲು ಗುರುತಿಸಿದರೆ ಸಾಕು. ಜಿಲ್ಲಾ ಕೇಂದ್ರಕ್ಕೆ ಒಯ್ಯಲಿ ಎಂಬ ಸಲಹೆಯನ್ನು ಮಾತ್ರ ಒಪ್ಪಲಾಗದು. ಮುದ್ದೇಬಿಹಾಳದಿಂದ ವಿಜಯಪುರ ಸುಮಾರು 80 ಕಿಲೋಮೀಟರ್. ಕೂಲಿಯವರ ಮನೆ ಗಾಡಿ ಬಾಡಿಗೆಗೆ ಸಾಲ ಮಾಡಬೇಕು, ಓಣಿಯ ಜನ ಮಣ್ಣಿಗೆ ಹೋಗಲಾರರು. ಇನ್ನು ಊರಿನ ಪದ್ಧತಿ ಕೆಡುತ್ತದೆ, ಮೈಲಿಗೆಯಾಗುತ್ತದೆ ಎಂಬ ವಾದ. ಈ ಸೀಮೆಯಲ್ಲಿ ಹೂಳುವುದೇ ಹೆಚ್ಚಿನವರ ಪದ್ಧತಿ. ಲಿಂಗಾಯತರು ವಿಭೂತಿ ಹಚ್ಚಿ, ಪತ್ರಿ ಹಾಕಿ, ದೇಹವನ್ನು ಕೂರಿಸಿ ಮಣ್ಣು ಮುಚ್ಚುತ್ತಾರೆ. ಮುಸ್ಲಿಮರು ಮುಖವನ್ನು ಪಶ್ಚಿಮಕ್ಕೆ ತಿರುಗಿಸಿ ಮಲಗಿಸುತ್ತಾರೆ. ದಲಿತರಲ್ಲಿ ಹಲವರು ಹೂಳುತ್ತಾರೆ, ಕ್ರೈಸ್ತರೂ ಹೂಳುತ್ತಾರೆ. ನಾಲ್ವರ ಕಡೆಯವರೂ ಕುಣಿಯ ಅಂಚಿನಲ್ಲಿ ಬಗ್ಗಿ ಎತ್ತುವುದು ಅದೇ ಕರಿ ಮಣ್ಣಿನ ಹಿಡಿಯನ್ನು. ಸಾವಿನ ಸೂತಕ ಸೇರಿ ಪಂಚಸೂತಕಗಳನ್ನು ಅಲ್ಲಗಳೆದ ಬಸವಣ್ಣ ಹುಟ್ಟಿದ ತಾಲ್ಲೂಕಿನಲ್ಲಿ ಹೆಣದ ಮೈಲಿಗೆಯ ಮಾತು ಬರುವುದೇ ನನಗೆ ನೋವಿನ ಸಂಗತಿ.

ಮತ ಬದಲಿಸಿದವರು ಊರಿನ ಹಕ್ಕನ್ನೂ ಬಿಟ್ಟರು ಎಂದು ಕೆಲವರು ಹೇಳಬಹುದು. ಸ್ಮಶಾನ ಯಾವ ದೇವರ ಆಸ್ತಿಯೂ ಅಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಹೂಳುವ, ಸುಡುವ ಜಾಗಗಳು ರಾಜ್ಯ ಪಟ್ಟಿಯ 10ನೇ ವಿಷಯ. ಬದುಕಿನ ಹಕ್ಕಿನೊಳಗಿನ ಘನತೆ ಮೃತದೇಹಕ್ಕೂ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಪಂಚಾಯಿತಿ ಸದಸ್ಯರಲ್ಲಿ ಒಂದು ಬೇಡಿಕೆ. ಮುಂದಿನ ಗ್ರಾಮಸಭೆಗೆ ಸ್ಮಶಾನದ ಉತಾರ ತರಿಸಿ ಓದಿಸಿ. ಊರಿನಲ್ಲಿ ಒಂದೇ ಕ್ರೈಸ್ತ ಮನೆ ಇದ್ದರೂ ಅವರ ಪಾಲಿನ ಜಾಗ ಅಳೆದು, ನಾಲ್ಕು ಮೂಲೆಗೆ ಕಲ್ಲು ನೆಟ್ಟು, ಠರಾವು ಬರೆಯಿಸಿ. ಯಾರ ಮನೆಯಲ್ಲೂ ಸಾವಿಲ್ಲದ ದಿನ ಈ ಕೆಲಸ ಮಾಡಿ.