ದೇವರು ತಿರುಗಿದನಂತೆ, ಬಾಗಿಲು ತಿರುಗಲಿಲ್ಲ



ದಸರಾ ರಜೆಗೆ ಹೆಂಡತಿ, ಮಗಳನ್ನು ಕರ್ಕೊಂಡು ತೀರ್ಥಹಳ್ಳಿ ಕಡೆ ಹೋಗಿದ್ದೆ. ಈಗ ಪ್ರವಾಸ ಅಂದ್ರೆ ಹಂಗೇ ಅಲ್ವಾ. ಹಳ್ಳೀಲಿ ಒಂದು ಹೋಂಸ್ಟೇ ಹಿಡಿಯೋದು, ಬೆಳಿಗ್ಗೆ ಎದ್ದು ಒಂದೊಂದು ದಿನ ಒಂದೊಂದು ಊರು ನೋಡೋದು, ಸಂಜೆ ವಾಪಸ್ ಬರೋದು. ಒಂದಿನ ಕುಪ್ಪಳಿ. ಇನ್ನೊಂದಿನ ಆಗುಂಬೆ ಘಾಟಿ ಇಳಿದು, ಹೆಬ್ರಿ ದಾಟಿ ಉಡುಪಿ, ಮಲ್ಪೆ. ಕ್ಲರ್ಕ್ ಸಂಬಳದಲ್ಲಿ ವರ್ಷಕ್ಕೊಂದು ಸಲ ಆಗೋ ಖರ್ಚು ಇದು.

ಹೋಂಸ್ಟೇ ಅಂದ್ರೆ ಹಳೇ ತೊಟ್ಟಿಮನೆ. ಸುತ್ತ ಅಡಿಕೆ ತೋಟ, ಮುಂದೆ ದೊಡ್ಡ ಅಂಗಳ, ಎತ್ತರದ ಜಗಲಿ. ಮಗಳು ಜಗಲಿ ಮೇಲೆ ಕೂತು ಫೋಟೋ ತೆಗೆಸ್ಕೊಂಡಳು. ನನಗೆ ನನ್ನವ್ವ ನೆನಪಾದಳು. ಇಂಥದೇ ಒಂದು ಮನೆಯ ಅಂಗಳದಲ್ಲಿ ಕೊಯ್ಲಿನ ಕಾಲದಲ್ಲಿ ಅವ್ವ ರಾತ್ರಿಯೆಲ್ಲ ಅಡಿಕೆ ಸುಲೀತಿದ್ದಳು. ಕಾಫಿ ಕೊಡ್ತಿದ್ರು, ತೆಂಗಿನ ಚಿಪ್ಪಲ್ಲಿ, ಮೇಲಿಂದ ಹುಯ್ದು. ಜಗಲಿ ಹತ್ತೋ ಹಂಗಿರಲಿಲ್ಲ. ಮೊಮ್ಮಗಳು ಹತ್ತಿದಳು, ದುಡ್ಡು ಕೊಟ್ಟು. ಪರವಾಗಿಲ್ಲ, ಕಾಲ ಬದಲಾಗಿದೆ ಅಂದ್ಕೊಂಡೆ.

ಕಾಫಿ ತಂದ ಯಜಮಾನರು ಮಳೆ ಬಗ್ಗೆ, ಅಡಿಕೆ ರೇಟಿನ ಬಗ್ಗೆ ಮಾತಾಡಿ ಕೊನೆಗೆ ಕೇಳಿದ್ರು, "ತಾವು ಯಾವ ಪೈಕಿ ಸಾರ್? ಇಲ್ಲ, ಸುಮ್ನೆ ಕೇಳ್ದೆ."

ಈ ದೇಶದಲ್ಲಿ ಬೇಕು ಅಂತ ಜಾತಿ ಕೇಳೋರು ಯಾರೂ ಇಲ್ಲ. ಎಲ್ಲರೂ ಸುಮ್ನೆ ಕೇಳೋರೇ. ನಾನೂ ಸುಮ್ನೆ ಹೇಳ್ದೆ, "ಹೊಲೆಯರು ಸ್ವಾಮಿ."

ಅವರು ಸಿಟ್ಟಾಗಲಿಲ್ಲ, ರೂಮು ಖಾಲಿ ಮಾಡಿ ಅನ್ನಲಿಲ್ಲ. ರಾತ್ರಿ ಊಟಕ್ಕೆ ಉಳಿದ ಅತಿಥಿಗಳೆಲ್ಲ ಒಳಮನೆಯಲ್ಲಿ ಸಾಲಾಗಿ ಕೂತ್ರು. ನಮ್ಮ ಊಟ ಮಾತ್ರ ರೂಮಿಗೇ ಬಂತು. "ನಿಮಗೆ ಆರಾಮಾಗಿರ್ಲಿ ಅಂತ." ಬೆಳಿಗ್ಗೆ ಕಡುಬೂ ರೂಮಿಗೇ ಬಂತು. ಎರಡನೇ ರಾತ್ರಿ ನಾವೂ ಒಳಗೆ ಬರ್ತೀವಿ ಅಂದೆ. "ಜಾಗ ಸಾಲಲ್ಲ ಸಾರ್" ಅಂದ್ರು. ಇದಕ್ಕೆ ಪೊಲೀಸ್ ಕಂಪ್ಲೇಂಟ್ ಹೆಂಗೆ ಬರೀತೀರಿ? ಆರಾಮಾಗಿರಲಿ ಅಂದದ್ದೇ ಅಪರಾಧ ಅಂತ ಬರೆಯೋಣವಾ? ಈಗಿನ ಅಸ್ಪೃಶ್ಯತೆ ಚಿಪ್ಪು ಬಿಟ್ಟು ಸ್ಟೀಲ್ ಟ್ರೇ ಹಿಡಿದಿದೆ, ಸಾರ್ ಅಂತಾನೂ ಕರೆಯುತ್ತೆ. ಪಾತ್ರೆ ಬೆಳಗೋ ಹೆಂಗಸು ಮಾತ್ರ ಹಿತ್ತಲಲ್ಲಿ ಮೆಲ್ಲಗೆ ಕೇಳಿದಳು, "ನೀವು ನಮ್ಮೋರಾ ಅಣ್ಣಾ?" ಮೂರು ದಿನದಲ್ಲಿ ಪ್ರೀತಿಯಿಂದ ಜಾತಿ ಕೇಳಿದ್ದು ಅವಳೊಬ್ಬಳೇ.

ಮಾರನೇ ದಿನ ಉಡುಪಿ. ಕನಕನ ಕಿಂಡಿ ಮುಂದೆ ಯಾರೋ ಗುಂಪಿಗೆ ಕಥೆ ಹೇಳ್ತಿದ್ರು. ಕನಕದಾಸರನ್ನು ಒಳಗೆ ಬಿಡಲಿಲ್ಲ, ಗೋಡೆ ಬಿರೀತು, ಕೃಷ್ಣ ಪಶ್ಚಿಮಕ್ಕೆ ತಿರುಗಿದ. ಎಲ್ಲರೂ ಕೈ ಮುಗಿದ್ರು. ಯಾರಿಗೂ ನಾಚಿಕೆ ಆಗಲಿಲ್ಲ. ಮನುಷ್ಯನನ್ನು ಹೊರಗೆ ನಿಲ್ಲಿಸಿದ್ದು ಈ ಕಥೆಯಲ್ಲಿ ತಪ್ಪು ಅನ್ನಿಸ್ಕೊಳ್ಳಲ್ಲ, ಪವಾಡಕ್ಕೆ ಪೀಠಿಕೆ ಆಗುತ್ತೆ. ದೇವರು ತಿರುಗಿದನಂತೆ. ಬಾಗಿಲು ಯಾಕೆ ತಿರುಗಲಿಲ್ಲ ಅಂತ ಕೇಳೋರಿಲ್ಲ.

ಕರಾವಳಿ ಅಂದ್ರೆ ಟೂರಿಸ್ಟರಿಗೆ ಬೀಚು, ಮೀನೂಟ, ಕಂಬಳ. ಅದೇ ಕರಾವಳಿಯಲ್ಲಿ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿ ನಿಷೇಧಿಸೋಕೆ 2000ದಲ್ಲಿ ಪ್ರತ್ಯೇಕ ಕಾಯ್ದೆ ತರಬೇಕಾಯ್ತು. ಸಂವಿಧಾನ ಬಂದು 50 ವರ್ಷ ಆದಮೇಲೆ! ಇದು ಯಾವ ಪ್ರವಾಸಿ ಕೈಪಿಡಿಯಲ್ಲಿ ಬರುತ್ತೆ ಹೇಳಿ.

ಬಾಬಾಸಾಹೇಬರೂ ಪ್ರವಾಸ ಹೋಗಿದ್ರು. 1934ರಲ್ಲಿ, ಸುಮಾರು 30 ಜನ ಸಂಗಾತಿಗಳ ಜೊತೆ, ವೇರುಳದ ಬೌದ್ಧ ಗುಹೆ ನೋಡೋಕೆ. ದಾರೀಲಿ ತೊಂದರೆ ಆಗದಿರಲಿ ಅಂತ ತಾವು ಯಾರೆಂದು ಗೊತ್ತಾಗದ ಹಾಗೆ ಹೊರಟಿದ್ರು. ಆದರೂ ದೌಲತಾಬಾದ್ ಕೋಟೆ ಬಾಗಿಲಲ್ಲಿ, ಧೂಳು ಮೆತ್ತಿದ ಮುಖವನ್ನು ಕೆರೆ ನೀರಲ್ಲಿ ತೊಳೆದದ್ದಕ್ಕೆ ಗಲಾಟೆ ಆಯ್ತು. ಕೆರೆ ಮೈಲಿಗೆ ಆಯ್ತು ಅಂತ ಕೂಗಿದವರು ಮುಸ್ಲಿಮರು. ಜಾತಿಯ ರೋಗ ಯಾವ ಧರ್ಮದವರನ್ನೂ ಬಿಟ್ಟಿಲ್ಲ ಅನ್ನೋದಕ್ಕೆ ಇದನ್ನೂ ಹೇಳಬೇಕು. ಕೊನೆಗೆ ಒಳಗೆ ಬಿಟ್ರು, ಎಲ್ಲೂ ನೀರು ಮುಟ್ಟದ ಹಾಗೆ ಕಾಯೋಕೆ ಬಂದೂಕಿನ ಸಿಪಾಯಿ ಜೊತೆಗೆ. ಆಗಲೇ ಅವರು ಬ್ಯಾರಿಸ್ಟರ್, ದುಂಡು ಮೇಜಿನ ಪರಿಷತ್ತಿನಲ್ಲಿ ಮಾತಾಡಿ ಬಂದವರು.

ಮಲ್ಪೆಯಿಂದ ವಾಪಸ್ ಘಾಟಿ ಹತ್ತುವಾಗ ಮಗಳು ಅಂದಳು, "ಅಪ್ಪಾ, ಮುಂದಿನ ಸಲ ಹೇಳಬೇಡ. ಲಿಂಗಾಯತರು ಅಂದ್ಬಿಡು. ಯಾರಿಗೆ ಗೊತ್ತಾಗುತ್ತೆ?" ಸೆಕೆಂಡ್ ಪಿಯು ಓದೋ ಹುಡುಗಿ. 1934ರಲ್ಲಿ ಬಾಬಾಸಾಹೇಬರಿಗೆ ಯಾವ ಉಪಾಯ ಬೇಕಾಗಿತ್ತೋ ಅದನ್ನೇ ಅವಳು ಕಂಡ್ಕೊಂಡಿದ್ದಳು. ನನಗೆ ಮಾತೇ ಹೊರಡಲಿಲ್ಲ.

ನನ್ನ ತಪ್ಪೂ ಹೇಳ್ಕೋತೀನಿ. 2016ರ ಅಕ್ಟೋಬರಿನಲ್ಲಿ ಚಲೋ ಉಡುಪಿ ಜಾಥಾಕ್ಕೆ ಇದೇ ಊರಿಗೆ ಬಂದು, ಆಹಾರ ನಮ್ಮ ಆಯ್ಕೆ ಅಂತ ಗಂಟಲು ಹರಿಯೋ ಹಾಗೆ ಕೂಗಿದವನು ನಾನು. ಅದೇ ನಾನು ಎರಡು ರಾತ್ರಿ ರೂಮಲ್ಲಿ ಕೂತು ಟ್ರೇ ಊಟ ಉಂಡೆ. ಹೆಂಡತಿ ಮಗಳ ರಜೆ ಹಾಳಾಗಬಾರದು ಅಂತ. ಗುಂಪಲ್ಲಿದ್ದಾಗ ಬರೋ ಧೈರ್ಯ ಮೂರೇ ಜನ ಇದ್ದಾಗ ಬರಲ್ಲ. ಅದಕ್ಕೇ ಇದನ್ನ ಗುಂಪಿನ ಕೆಲಸ ಮಾಡಬೇಕು.

"ಅದು ಅವರ ಮನೆ, ಅವರ ಅಡುಗೆಮನೆ" ಅಂತ ಪ್ರಗತಿಪರ ಗೆಳೆಯರೊಬ್ಬರು ಆಗಲೇ ಅಂದ್ರು. ಇಲ್ಲ ಸ್ವಾಮಿ. ಬೋರ್ಡು ಹಾಕಿ, ರೇಟು ಹೇಳಿ, ದುಡ್ಡು ಎಣಿಸ್ಕೊಂಡ ಮೇಲೆ ಅದು ವ್ಯಾಪಾರ. ಅಂಗಡಿ, ಹೋಟೆಲಿನ ಪ್ರವೇಶಕ್ಕೆ ಜಾತಿ ಅಡ್ಡ ಬರಬಾರದು ಅನ್ನುತ್ತೆ ಸಂವಿಧಾನದ 15(2)ನೇ ವಿಧಿ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ "ಹೋಟೆಲ್" ಅಂದ್ರೆ ಬೋರ್ಡಿಂಗ್, ಲಾಡ್ಜಿಂಗ್ ಮನೆಗಳೂ ಸೇರುತ್ತವೆ. ಓದಿ ನೋಡಿ.

ನಾನು ಕೇಳೋದು ಇಷ್ಟೇ. ಪ್ರವಾಸೋದ್ಯಮ ಇಲಾಖೆ ನೋಂದಣಿ ಮಾಡಿದ ಪ್ರತಿ ಹೋಂಸ್ಟೇ ಜಗಲಿ ಮೇಲೆ 15(2)ನೇ ವಿಧಿ ಕನ್ನಡದಲ್ಲಿ ತೂಗುಹಾಕಿರಬೇಕು. ಜಾತಿ ಕೇಳಿದ್ರೆ ನೋಂದಣಿ ರದ್ದಾಗಬೇಕು. ಮೇಲ್ಜಾತಿಯ ಗೆಳೆಯರೇ, "ಮಲೆನಾಡ ಮಡಿಲಲ್ಲಿ" ಅಂತ ಪೋಸ್ಟ್ ಹಾಕೋ ಮುಂಚೆ ಒಂದು ಸಲ ನೋಡಿ, ನಿಮ್ಮ ಪಂಕ್ತಿಯಲ್ಲಿ ಯಾರಿಲ್ಲ, ಹಿತ್ತಲಲ್ಲಿ ಯಾರಿದ್ದಾರೆ. ನಮ್ಮೋರೇ, ನಿಮಗೂ ಹೀಗಾಗಿದ್ರೆ ಕೆಳಗೆ ಬರೀರಿ. ಎಲ್ಲ ಸೇರಿಸಿ ಮನವಿ ಮಾಡಿ ಇಲಾಖೆಗೆ ನಾನೇ ಕೊಟ್ಟು ಬರ್ತೀನಿ.

ಟೈಪ್ ಮಾಡೋಕೆ ಮಗಳನ್ನ ಕೂರಿಸ್ಕೋತೀನಿ. ಸುಳ್ಳು ಜಾತಿ ಹೇಳೋದಕ್ಕಿಂತ ಬೇರೆ ದಾರಿ ಇದೆ ಅಂತ ಅವಳಿಗೆ ತೋರಿಸಬೇಕಿದೆ.

ಜೈಭೀಮ್.