ಬ್ಯಾಟ್ ಬದಲಿಸೋದು ಆಮೇಲೆ, ಮಗಾ

1/3
ಭಾನುವಾರ ಔಟಾದ್ಮೇಲೆ ಬ್ಯಾಟನ್ನೇ ತಿರುಗಿಸಿ ತಿರುಗಿಸಿ ನೋಡ್ತಾ ಬಂದ್ಯಲ್ಲ, ತಪ್ಪು ಅದ್ರದ್ದಲ್ಲ ಮಗಾ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣ, ಎಲ್ಲಿಗೆ ಹೋದ್ರೂ ನಾವಾಡೋದು ಟೆನ್ನಿಸ್ ಬಾಲಲ್ಲಿ. ಅದಕ್ಕೆ ಇಂಗ್ಲಿಷ್ ವಿಲ್ಲೋ ಯಾಕೆ? ಆ ಮೆತ್ತನೆ ಮರಕ್ಕೆ ಬೆಲೆ ಇರೋದು ಲೆದರ್ ಬಾಲ್ ಎದುರು. ನಮಗೆ ಕಾಶ್ಮೀರ್ ವಿಲ್ಲೋ ಧಾರಾಳವಾಗಿ ಸಾಕು.

2/3
ನಿಯಮದ ಪ್ರಕಾರ ಬ್ಯಾಟಿನ ಅಗಲ 10.8 ಸೆಂ.ಮೀ. ದಾಟೋ ಹಾಗಿಲ್ಲ. 2017ರಿಂದ ಎಡ್ಜ್‌ಗೂ 40 ಮಿ.ಮೀ. ಮಿತಿ. ಸಾವಿರಗಟ್ಟಲೆ ಜಾಸ್ತಿ ಕೊಟ್ರೂ ಅಗಲ ಜಾಸ್ತಿ ಆಗಲ್ಲ. ಹೋದ ವರ್ಷ ನಾನೂ ಹೊಸದು ತಗೊಂಡೆ. ಅದೇ ಯಾರ್ಕರ್, ಅದೇ ಥರ ಬೌಲ್ಡ್. (ನಗಬೇಡ.)

3/3
ಬಿಕಾಂ ಓದೋರು ನಾವು. ಡಿಪ್ರಿಸಿಯೇಷನ್ ಬರೀ ಪರೀಕ್ಷೇಲಿ ಬರೆಯೋಕಾ? ಹ್ಯಾಂಡಲ್ ಬಿರುಕು ಬಿಟ್ಟಿದ್ರೆ ಬದಲಿಸು, ಬೇಡ ಅನ್ನಲ್ಲ. ಗ್ರಿಪ್ ಸವೆದಿದ್ರೆ ಗ್ರಿಪ್ ಮಾತ್ರ ಹಾಕಿಸು. ಆದ್ರೆ ಅಮ್ಮನ ಡೈರಿ ಬಿಲ್ಲು ಬರೋ ದಿನ ಕಾಯ್ಕೊಂಡಿದ್ದು ಬ್ಯಾಟಿಗೆ ಕೇಳ್ತೀಯಲ್ಲ, ಆ ದುಡ್ಡಲ್ಲೇ ಹಸುಗೆ ಹಿಂಡಿ ಬೂಸಾನೂ ಬರಬೇಕು, ನಿನ್ ಸೆಮಿಸ್ಟರ್ ಫೀಸೂ ಬರಬೇಕು. ನಾಚಿಕೆ ಆಗಲ್ವಾ? ನಾಲ್ಕು ಬಾಲ್ ತಗೊಂಡು ಸಂಜೆ ಗ್ರೌಂಡಿಗೆ ಬಾ. ಯಾರ್ಕರ್ ನಾನ್ ಹಾಕ್ತೀನಿ.