ಅಂತರ್ಜಾಲದ ಚಿನ್ನ ಮತ್ತು ಊರ ಸರಾಫರ ಚೀಟಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಶೇಂಗಾ, ಮೆಕ್ಕೆಜೋಳದ ಹಣ ಕೈಸೇರಿದ ಮೇಲೆಯೇ ಮದುವೆಯ ಚಿನ್ನದ ಮಾತು ಆರಂಭವಾಗುವುದು ವಾಡಿಕೆ. ಈಗ ಆ ಮಾತಿನ ನಡುವೆ ಮೊಬೈಲ್ ಫೋನು ಬಂದು ಕುಳಿತಿದೆ. 2008ರಲ್ಲಿ ಹುಟ್ಟಿದ ಕ್ಯಾರಟ್‌ಲೇನ್, 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬ್ಲೂಸ್ಟೋನ್ ಮೊದಲಾದ ಸಂಸ್ಥೆಗಳು ಒಡವೆಯನ್ನು ಮನೆಬಾಗಿಲಿಗೇ ತಲುಪಿಸುತ್ತವೆ. ಲಕ್ಷಾಂತರ ರೂಪಾಯಿಯ ಆಭರಣವನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬಹುದೇ? ಕೊಂಡರೆ ಮೋಸಹೋಗುವುದು ಖಂಡಿತ ಎಂಬುದು ವರ್ತಕ ವಲಯದ ಸಿದ್ಧ ಉತ್ತರ. ಅದು ಅರ್ಧ ಮಾತ್ರ ನಿಜ.

ಶುದ್ಧತೆಯ ಭಯ ಹಿಂದಿನಷ್ಟು ಉಳಿದಿಲ್ಲ. ಹಾಲ್‌ಮಾರ್ಕ್ ಕಡ್ಡಾಯವಿರುವಲ್ಲಿ 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್.ಯು.ಐ.ಡಿ. ಗುರುತಿಲ್ಲದೆ ಚಿನ್ನದ ಆಭರಣ ಮಾರುವಂತಿಲ್ಲ. ಬಿ.ಐ.ಎಸ್. ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆಯ ಶುದ್ಧತೆ, ಪರೀಕ್ಷಿಸಿದ ಕೇಂದ್ರ ತಿಳಿಯುತ್ತದೆ. ತಕರಾರು ಬಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು.

ನಷ್ಟವಾಗುವುದು ಬೇರೆ ಕಡೆ. 20 ಗ್ರಾಂ ಸರಕ್ಕೆ ಮಜೂರಿ, ವೇಸ್ಟೇಜ್ ಸೇರಿ ಒಬ್ಬರು ಶೇಕಡಾ 8, ಇನ್ನೊಬ್ಬರು ಶೇಕಡಾ 14 ಹಾಕಿದರೆ ವ್ಯತ್ಯಾಸ 1.2 ಗ್ರಾಂ ಚಿನ್ನದ ಬೆಲೆ. ಪರದೆಯ ಮೇಲೆ ಅಗ್ಗವಾಗಿ ಕಾಣುವ ಒಡವೆ ಅನೇಕ ವೇಳೆ 18 ಕ್ಯಾರಟ್‌ನದು. ಅಂತಹ 20 ಗ್ರಾಂನಲ್ಲಿ ಶುದ್ಧ ಚಿನ್ನ 15 ಗ್ರಾಂ. 22 ಕ್ಯಾರಟ್‌ನಲ್ಲಾದರೆ 18.3 ಗ್ರಾಂ. ಹರಳಿನ ತೂಕ ಕಳೆದ ನಿವ್ವಳ ತೂಕವನ್ನು ನೋಡದೆ ಹಣ ಕಟ್ಟುವವರೂ ಇದ್ದಾರೆ. ಆದುದರಿಂದ ವಜ್ರದ ಒಂದು ಪುಟ್ಟ ಓಲೆಯನ್ನು ಅಂತರ್ಜಾಲದಲ್ಲಿ ತರಿಸುವುದು ತಪ್ಪಲ್ಲ. ಹಳೆಯ ಬೋರಮಾಳವನ್ನು ಕರಗಿಸಿ ಮಗಳಿಗೆ ಹೊಸ ಸರ ಮಾಡಿಸುವ ಮನೆಗೆ ಮಾತ್ರ ಊರಿನ ಅಂಗಡಿಯೇ ಮೇಲು. ಎದುರಿಗೆ ತೂಗಿ ಒರೆ ಹಚ್ಚುವವನು, ಕೊಂಡಿ ಮುರಿದರೆ ಮರುದಿನವೇ ಬೆಸೆದುಕೊಡುವವನು, ಫಸಲು ಬರುವವರೆಗೆ ಬಾಕಿ ನಿಲ್ಲಿಸಿಕೊಳ್ಳುವವನು ಅಲ್ಲಿದ್ದಾನೆ.

ಇಷ್ಟೆಲ್ಲ ಅನುಕೂಲವಿರುವ ಅಂಗಡಿ ಗಿರಾಕಿಯನ್ನು ಕಳೆದುಕೊಳ್ಳುತ್ತಿರುವುದು ಚೀಟಿಯಿಂದ. ಆನ್‌ಲೈನ್ ಸಂಸ್ಥೆ ನಿವ್ವಳ ತೂಕ, ದರ, ಮಜೂರಿ, ತೆರಿಗೆಗಳನ್ನು ಬೇರೆಬೇರೆಯಾಗಿ ಅಚ್ಚು ಹಾಕಿ ಕೊಡುತ್ತದೆ. ತಾಲ್ಲೂಕಿನ ಕೆಲವು ಅಂಗಡಿಗಳಲ್ಲಿ ಇಂದಿಗೂ ಸಿಗುವುದು ಒಟ್ಟು ಮೊತ್ತ ಗೀಚಿದ ಕಚ್ಚಾ ಚೀಟಿ. ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದ ಸರಾಫರಿಗೆ ಕಡ್ಡಾಯ ಹಾಲ್‌ಮಾರ್ಕ್‌ನಿಂದ ವಿನಾಯಿತಿ ಇದೆ. ಕಾನೂನು ಕೊಟ್ಟ ಈ ರಿಯಾಯಿತಿ ವ್ಯಾಪಾರಕ್ಕೆ ಹಾನಿಯನ್ನೇ ತಂದಿದೆ. ಫೋನಿನಲ್ಲಿ ಸಂಖ್ಯೆ ಹುಡುಕುವ ತರುಣಿಗೆ ವಿನಾಯಿತಿಯ ಕಥೆ ಬೇಕಿಲ್ಲ. 2022ರಲ್ಲಿ ಗೊತ್ತುಪಡಿಸಿದ ಹಾಲ್‌ಮಾರ್ಕ್ ಶುಲ್ಕ ಒಂದು ಒಡವೆಗೆ 45 ರೂಪಾಯಿ ಮತ್ತು ತೆರಿಗೆ. ಕೇಂದ್ರಕ್ಕೆ ಒಯ್ದು ತರುವ ಖರ್ಚು, ಅಪಾಯಗಳು ಇವೆ, ನಿಜ. ನಾಲ್ಕಾರು ಸರಾಫರು ಸೇರಿ ಕಳುಹಿಸಿದರೆ ಆ ಹೊರೆ ಹಂಚಿಹೋಗುತ್ತದೆ.

ಕೊಟ್ಟೂರಿನ ತೇರು, ಮೈಲಾರದ ಕಾರಣಿಕ ಮುಗಿದು ಬೇಸಿಗೆಯ ಮದುವೆಗಳು ಆರಂಭವಾಗುವುದರೊಳಗೆ ಐದೂ ಊರುಗಳ ಸರಾಫರು ಒಂದೆಡೆ ಕುಳಿತು, ನಿವ್ವಳ ತೂಕ, ಮಜೂರಿ, ಮರುಖರೀದಿಯ ಕಡಿತಗಳನ್ನು ನಮೂದಿಸುವ ಒಂದೇ ಮಾದರಿಯ ಬಿಲ್ಲನ್ನು ಒಪ್ಪಿಕೊಳ್ಳಬಹುದು. ಮುದ್ರಣದ ಖರ್ಚು ಬಿಟ್ಟರೆ ಅದಕ್ಕೆ ಬೇರೆ ಬಂಡವಾಳ ಬೇಡ.